ಹಾಲೇಶಪ್ಪನ ಸೊಟ್ಟ ಒಲೆ

“ಒಲೆ ನಾನು ತರ್ತೀನಿ! ನೀವ್ಯಾರೂ ಬರೋದು ಬ್ಯಾಡ. ತಂದು, ಇದೇ ಮನೆಯಾಗೆ ಇಟ್ಟು, ಬೆಂಕಿ ಹಾಕಿ, ರೊಟ್ಟಿ ಬಡಿದು, ನಿಮ್ಮಪ್ಪಗೆ ಎಡೆ ಇಡ್ತೀನಿ. ಇಲ್ಲಾಂದ್ರೆ ನನ್ನ ಹೆಸರು ಮರುಳಸಿದ್ದಮ್ಮ ಅಲ್ಲ!”

ಆವರಗೆರೆಯ ಆ ಮಹಡಿ ಮನೆಯಲ್ಲಿ ಆಗ ಬೆಳಗಿನ ಚಾ ನಡೆದಿತ್ತು. ಮಗ ಬಸವಪ್ರಭು ದಾವಣಗೆರೆ ಪೇಟೆಯ ತನ್ನ ಪಂಪ್‌ಸೆಟ್ ಅಂಗಡಿಗೆ ಹೊರಟವನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹಂಗೇ ನಿಂತ. ಸೊಸೆ ವಾಣಿ ಚಾ ಸೋಸುತ್ತಿದ್ದವಳು ಲೋಟ ಬಿಟ್ಟು ಕಟ್ಟೆ ಮೇಲೆ ಸೋಸಿದಳು.

“ಅವ್ವ, ಒಲೆ ಅಂದ್ರೇನು ಮಿಕ್ಸರ್ ಅನ್ಕೊಂಡ್ಯಾ? ಪ್ಲಗ್ ಕಿತ್ತು ಚೀಲದಾಗೆ ಹಾಕ್ಕೊಂಡು ಬರೋಕೆ?”

“ಹೊರಿಸಿಕೊಂಡು ಬರ್ತೀನಿ.”

“ಯಾರು ಹೊರ್ತಾರೆ ಅದನ್ನ?”

“ಭೂಮ್ತಾಯಿ ನಿನ್ನನ್ನೇ ಹೊತ್ತಾಳೆ. ಒಲೆ ಹೊರಲ್ವಾ?”

ಬಸವಪ್ರಭು ಇನ್ನೊಂದು ಕಾಲಿಗೂ ಚಪ್ಪಲಿ ಹಾಕಿಕೊಂಡು ಹೋದ. ತಾಯಿ ಜೊತೆ ವಾದ ಮಾಡಿ ಗೆದ್ದವರು ಆ ಮನೆತನದಲ್ಲಿ ಯಾರೂ ಇರಲಿಲ್ಲ. ಗೆಲ್ಲೋಕೆ ಜೀವಮಾನ ಎಲ್ಲ ಹೆಣಗಿದವನೊಬ್ಬನಿದ್ದ. ಅವನು ಹೋಗಿ ವರ್ಷವಾಗುತ್ತಾ ಬಂದಿತ್ತು.

ವಿಷಯ ಇಷ್ಟೇ. ಹಾಲೇಶಪ್ಪ ತೀರಿಕೊಂಡ ಮೇಲೆ ಮರುಳಸಿದ್ದಮ್ಮನನ್ನು ಮಗ ಆವರಗೆರೆಗೆ ಕರೆತಂದ. ಹರಿಹರದ ಮನೆಯನ್ನು ಅಖ್ತರ್ ಬಾನುಗೆ ಬಾಡಿಗೆಗೆ ಕೊಟ್ಟರು. ಒಳ್ಳೆ ಹೆಣ್ಣುಮಗಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಆಕೆ ಹೊಸ ಫ್ರಿಡ್ಜು ತಗೊಂಡಳು. ಅಡುಗೆಮನೆಯಲ್ಲಿ ಫ್ರಿಡ್ಜು ಹಿಡಿಸೋ ಮೂಲೆ ಒಂದೇ. ಆ ಮೂಲೆಯಲ್ಲಿ ಹಾಲೇಶಪ್ಪ ಕಟ್ಟಿದ ಒಲೆ ಕೂತಿತ್ತು. ಪಾಪ, ಆಕೆ ಮರ್ಯಾದೆಯಿಂದಲೇ ಫೋನು ಮಾಡಿದ್ದಳು.

“ಅಮ್ಮ, ತಪ್ಪು ತಿಳ್ಕೋಬ್ಯಾಡ್ರಿ. ನಾನು ಗ್ಯಾಸಿನ ಮ್ಯಾಲೇ ಮಾಡೋದು. ಒಲೆ ಒಡೆಸಿಬಿಡ್ಲಾ?”

ಒಡೆಸೋದು! ಆ ಮಾತಿಗೆ ಮರುಳಸಿದ್ದಮ್ಮ ಕುಡಿಯುತ್ತಿದ್ದ ಚಾ ಲೋಟ ಕುಕ್ಕಿ ಎದ್ದು ನಿಂತಿದ್ದಳು.

ಆ ಒಲೆಯ ಕತೆ ಹೇಳಲೇಬೇಕು.

ಹಾಲೇಶಪ್ಪ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ನಿನ ಮುಂದೆ ನಿಂತು ಆಯುಷ್ಯ ಸವೆಸಿದವನು. ಕಬ್ಬಿಣ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೆ ಅನ್ನ ಸೇರದ ಮನುಷ್ಯ! ಮದುವೆಯಾದ ಹೊಸದರಲ್ಲಿ ಹರಿಹರದ ಮನೆಗೆ ಬಂದಾಗ ಹೆಂಡತಿ ಒಲೆ ಕಟ್ಟಲು ಮಣ್ಣು ತರಿಸಿದಳು. ಇವನು ಅಂಗಿ ಬಿಚ್ಚಿ ತೋಳು ತಟ್ಟಿದ.

“ನಾನು ಕಟ್ತೀನಿ.”

“ಒಲೆ ಕಟ್ಟೋದು ಹೆಂಗಸರು. ನೀವು ಸುಮ್ನೆ ಕೂಡ್ರಿ.”

“ಕಬ್ಬಿಣನೇ ನನ್ನ ಮಾತು ಕೇಳ್ತೈತೆ. ಮಣ್ಣು ಕೇಳಲ್ವಾ?”

ಅಂಗಳದಲ್ಲಿ ಒಂದು ಕಲ್ಲುಚಪ್ಪಡಿ ಹಾಕಿಕೊಂಡ. ಹೊಳೆದಂಡೆಯ ಮಣ್ಣಿಗೆ ಹುಲ್ಲು, ಸೆಗಣಿ ಕಲಸಿದ. ಗಾಜಿನ ಕೊಳವೆಯೊಳಗೆ ಗುಳ್ಳೆ ಆಡುತ್ತದಲ್ಲ, ಮೇಸ್ತ್ರಿಗಳು ಮಟ್ಟ ನೋಡುವ ಆ ಕೋಲನ್ನು ತಂದು, ಹಿಡಿ ಮಣ್ಣು ಹಾಕಿದಂಗೆಲ್ಲ ಕೋಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದ. ಅರಮನೆ ಕಟ್ಟೋರೂ ಅಷ್ಟು ಮಟ್ಟ ನೋಡಿರಲಿಕ್ಕಿಲ್ಲ! ಎರಡು ಬಾಯಿಯ ಒಲೆ. ದೊಡ್ಡ ಬಾಯಿಗೆ ಸೌದೆ ಇಟ್ಟರೆ ಪಕ್ಕದ ಸಣ್ಣ ಬಾಯಿಗೆ ಕಾವು ತಾನೇ ಹೋಗಬೇಕು. ಹೋಯಿತು. ಒಣಗಿದ ಮೇಲೆ ಚಪ್ಪಡಿ ಸಮೇತ ಗೆಳೆಯರು ಹೊತ್ತು ಅಡುಗೆಮನೆ ಮೂಲೆಗೆ ಇಟ್ಟರು. ಮರುಳಸಿದ್ದಮ್ಮ ಒಲೆಗೆ ಮೂರು ಬೆರಳಿನ ಈಬತ್ತಿ ಎಳೆದು, ಕೈ ಮುಗಿದು, ಸಾರಿನ ಪಾತ್ರೆ ಇಟ್ಟಳು.

ಪಾತ್ರೆ ಎಡಕ್ಕೆ ವಾಲಿತು. ಸಾರು ಚೆಲ್ಲಿ ಬೆಂಕಿ ಆರಿತು. ರೊಟ್ಟಿ ಹಾಕಿದಳು. ಎಡಗಡೆ ಅಂಚು ಕರ್ರಗೆ ಸುಟ್ಟಿತು, ಬಲಗಡೆ ಬೆಳ್ಳಗೆ ಉಳಿಯಿತು.

“ಒಲೆ ಸೊಟ್ಟ!”

“ಒಲೆ ನೆಟ್ಟಗೈತೆ ಕಣೇ. ನಿನ್ನ ನೆಲ ಸೊಟ್ಟ.”

ಅಷ್ಟು ಸಾಕಾಯಿತು. ಮರುಳಸಿದ್ದಮ್ಮ ಕೇರಿಗೆಲ್ಲ ಹೇಳಿಕೊಂಡು ನಕ್ಕಳು. ನೀರಿಗೆ ಹೋದರೆ ಅದೇ ಮಾತು, ಸಂತೆಗೆ ಹೋದರೆ ಅದೇ ಮಾತು. “ನಮ್ಮೆಜಮಾನರು ಒಲೆ ಕಟ್ಟವ್ರೆ, ನೋಡೋಕೆ ಬರ್ರಿ. ಕತ್ತು ಓರೆ ಮಾಡ್ಕೊಂಡೇ ಬರ್ರಿ, ಒಲೆ ನೆಟ್ಟಗೆ ಕಾಣ್ತೈತೆ!”

ಹಾಲೇಶಪ್ಪ ಒಮ್ಮೆ ರುಜುವಾತು ಮಾಡಲು ನಿಂಬೆಹಣ್ಣು ತಂದು ನೆಲದ ಮೇಲೆ ಇಟ್ಟ. ಅದು ಮೆಲ್ಲಗೆ ಮೋರಿ ಕಡೆ ಉರುಳಿತು.

“ನೋಡಿದ್ಯಾ?”

“ದುಂಡಗಿರೋದು ಉರುಳದೆ ಕಾಲು ಮಡಚ್ಕೊಂಡು ಕೂರ್ತೈತೇನ್ರಿ?”

ಅವನು ನಿಂಬೆಹಣ್ಣು ಎತ್ತಿಕೊಂಡು ಶರಬತ್ತು ಮಾಡಿಕೊಂಡು ಕುಡಿದ. ಆಮೇಲೆ ಇನ್ನೊಂದು ರೂಢಿ ಮಾಡಿಕೊಂಡ. ರೊಟ್ಟಿ ತಟ್ಟೆಗೆ ಬಿದ್ದ ಕೂಡಲೇ ಸುಟ್ಟ ಅಂಚನ್ನು ಮುರಿದು ತಾನಿಟ್ಟುಕೊಳ್ಳುತ್ತಿದ್ದ. ಬೆಳ್ಳನೆಯ ಭಾಗ ಹೆಂಡತಿಯ ತಟ್ಟೆಗೆ. ಶೇಂಗಾ ಚಟ್ನಿ ಹಚ್ಚಿಕೊಂಡು ಆ ಕರಿ ಅಂಚನ್ನು ಕಟುಕಟು ಕಡಿಯುತ್ತಿದ್ದ. “ತಪ್ಪು ನಂದು ಅಂತೀಯಲ್ಲ, ನಾನೇ ತಿಂತೀನಿ ಬಿಡು.” ಮರುಳಸಿದ್ದಮ್ಮ ಗೆದ್ದವಳ ಹಂಗೆ ತಲೆ ಆಡಿಸುತ್ತಿದ್ದಳು. ಕಾಲ ಹೋಗುತ್ತಾ ಹೋಗುತ್ತಾ ಅವನಿಗೆ ಆ ಕರಿ ಅಂಚು ಇಲ್ಲದಿದ್ದರೆ ಊಟವೇ ಸೇರದಂಗೆ ಆಯಿತು. ಬೀಗರ ಮನೆಗೆ ಹೋದರೂ ರೊಟ್ಟಿ ತಿರುಗಿಸಿ ತಿರುಗಿಸಿ ಅಂಚು ಹುಡುಕುತ್ತಿದ್ದ.

ಅವನು ಹೋದ ದಿನ ಒಲೆ ಹಚ್ಚಲಿಲ್ಲ. ಸಾವಿನ ಮನೆಯಲ್ಲಿ ಹಚ್ಚಬಾರದು. ಅಕ್ಕಪಕ್ಕದವರು ಅನ್ನ ತಂದರು. ಎಲ್ಲ ಮುಗಿಸಿ ಬಂದ ಮೇಲೆ ಮರುಳಸಿದ್ದಮ್ಮ ಅಡುಗೆಮನೆಗೆ ಹೋಗಿ, ಯಾಕೋ ಏನೋ, ಬೂದಿಯೊಳಗೆ ಕೈ ಹಾಕಿದಳು. ತಣ್ಣಗಿತ್ತು. ಆ ಮನೆಗೆ ಕಾಲಿಟ್ಟಾಗಿನಿಂದ ಆ ಬೂದಿ ಒಂದು ದಿನವೂ ತಣ್ಣಗಿರಲಿಲ್ಲ. ದಿನಾ ಮಲಗೋ ಮುಂಚೆ ಕೆಂಡ ಮುಚ್ಚಿಡುತ್ತಿದ್ದಳು. ಮುಂಜಾನೆ ಕೆದಕಿದರೆ ಕಣ್ಣು ಬಿಡುತ್ತಿತ್ತು. ಗಂಡನ ಕೈ ತಣ್ಣಗಾದಾಗ ಅಳು ಬಂದಿರಲಿಲ್ಲ. ಒಲೆ ತಣ್ಣಗಿದ್ದದ್ದು ನೋಡಿ ಅತ್ತಳು.

ದೊಡ್ಡ ಬಾಯಿ ಆರಿದ ಮೇಲೂ ಸಣ್ಣ ಬಾಯಿ ಒಂದಷ್ಟು ಹೊತ್ತು ಬೆಚ್ಚಗೇ ಇರುತ್ತದೆ. ಮಗನ ಮನೆಯಲ್ಲಿ ಮರುಳಸಿದ್ದಮ್ಮ ಹಂಗಿದ್ದಳು.

ಈಗ ಬರೋ ಸೋಮವಾರ ವರ್ಷದ ಎಡೆ. ಎಡೆಗೆ ಅವನಿಗೆ ಇಷ್ಟವಾದದ್ದೆಲ್ಲ ಇಡಬೇಕು. ಇಷ್ಟವಾದದ್ದು ಒಂದೇ, ಕರಿ ಅಂಚಿನ ರೊಟ್ಟಿ. ವಾಣಿಯ ಗ್ಯಾಸಿನ ಮೇಲೆ ಮರುಳಸಿದ್ದಮ್ಮ ಬಡಿದು ನೋಡಿದ್ದಳು. ರೊಟ್ಟಿ ಹುಣ್ಣಿಮೆ ಚಂದ್ರನ ಹಂಗೆ ಎದ್ದಿತು. ಸುತ್ತ ಒಂದೇ ಬಣ್ಣ. ಎಲ್ಲಿ ಹಿಡಿದು ನೋಡಿದರೂ ಕರಿ ಇಲ್ಲ.

“ಉರಿ ಜಾಸ್ತಿ ಮಾಡ್ಲಾ ಅತ್ತೆ?” ಅಂದಳು ವಾಣಿ.

ಮಾಡಿದಳು. ಇಡೀ ರೊಟ್ಟಿ ಇದ್ದಿಲಾಯಿತು.

“ಇದನ್ನ ಎಡೆಗೆ ಇಟ್ರೆ ನಿಮ್ಮ ಮಾವ ಎದ್ದು ಬಂದು ಬೈತಾರೆ ಕಣೇ!”

ಅಂದವಳು ಸುಟ್ಟ ರೊಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, “ಬಂದು ಬೈಯೋದು ನಿಜ ಆದ್ರೆ ದಿನಾ ಸುಡ್ತೀನಿ ನೋಡು.”

ಹಂಗಾಗಿ ಒಲೆ ಬೇಕಿತ್ತು. ಅದೇ ಬೇಕಿತ್ತು.

ಶನಿವಾರ ಹರಿಹರಕ್ಕೆ ದಂಡಯಾತ್ರೆ ಹೊರಟಿತು. ಸೇನಾಪತಿ ಮರುಳಸಿದ್ದಮ್ಮ. ಸೈನ್ಯ ಮಸ್ತಾನಸಾಬ್. ರಥ ಅವನ ಲಗೇಜ್ ಆಟೋ. ಮಸ್ತಾನಸಾಬ್ ಹಾಲೇಶಪ್ಪನ ಗೆಳೆಯ, ಅವತ್ತು ಒಲೆ ಹೊತ್ತು ಒಳಗೆ ಇಟ್ಟವರಲ್ಲಿ ಒಬ್ಬ.

“ಅಕ್ಕಾರೆ, ಅವತ್ತು ಹಿಡಿದ ಸೊಂಟ ಇನ್ನೂ ಬಿಟ್ಟಿಲ್ರಿ.”

“ಇವತ್ತು ಇನ್ನೊಂದು ಸಾರಿ ಎತ್ರಿ, ಬಿಡ್ತೈತೆ.”

ಅವನು ತನ್ನ ಜೊತೆಯವರನ್ನು ಸೇರಿಸಿಕೊಂಡು ಚಪ್ಪಡಿ ಕೆಳಗೆ ಹಾರೆ ಹಾಕಿದ. ಇಷ್ಟು ವರ್ಷ ಸಾರಿಸಿ ಸಾರಿಸಿ ಒಲೆ ನೆಲಕ್ಕೇ ಅಂಟಿಕೊಂಡಿತ್ತು. ಹಾರೆ ಒಂದು ಸಲ ಮೀಟಿದಂಗೆಲ್ಲ ಮರುಳಸಿದ್ದಮ್ಮ ಎದೆ ಹಿಡಿದುಕೊಂಡು “ನಿಧಾನ! ನಿಧಾನ!” ಅಂತಿದ್ದಳು. ಹಲ್ಲು ಕೀಳೋವಾಗ ಮಗುವಿನ ತಾಯಿ ನಿಂತಂಗೆ. ಕೊನೆಗೆ ‘ಕಡಕ್’ ಅಂತು.

“ಮುರೀತಾ?”

“ನನ್ನ ಸೊಂಟ ರೀ ಅಕ್ಕಾರೆ. ಒಲೆ ಗಟ್ಟಿ ಐತೆ. ಹಾಲೇಶಣ್ಣ ಮಟ್ಟ ನೋಡಿ ಕಟ್ಟಿದ್ದಲ್ವಾ!”

“ನೀವೂ ಅವರ ಕಡೆನೇ.”

ಅಖ್ತರ್ ಬಾನು ತನ್ನ ಎರಡು ದಿಂಬು ಕೊಟ್ಟಳು. ಹಾಸಿಗೆ ಹಾಸಿ, ದಿಂಬು ಒತ್ತಿ, ಹಾಲೇಶಪ್ಪನ ಹಳೇ ಪಂಚೆ ಹೊದಿಸಿ, ಅದರ ಮೇಲೆ ತನ್ನದೊಂದು ಸೀರೆ ಸುತ್ತಿ, ಮರುಳಸಿದ್ದಮ್ಮ ಆಟೋದ ಹಿಂದೆ ಒಲೆಯನ್ನು ತಬ್ಬಿಕೊಂಡು ಕೂತಳು. ಹಣೆ ತುಂಬ ಈಬತ್ತಿ. ಮುಖ ಗಂಟು. ಪಂಚೆಯಲ್ಲಿ ಇನ್ನೂ ಸ್ವಲ್ಪ ಅವನ ವಾಸನೆ ಇತ್ತು. ಅಥವಾ ಹೊಗೆಯ ವಾಸನೆಯೋ. ಎರಡೂ ಒಂದೇ ಆಗಿ ಹೋಗಿತ್ತು.

ದಾವಣಗೆರೆ ಊರೊಳಗೆ ಬರೋ ಹೊತ್ತಿಗೆ ಮಸ್ತಾನಸಾಬ್‌ಗೆ ಹಸಿವಾಯಿತು. ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಆಟೋ ನಿಲ್ಲಿಸಿದ. ಅಲ್ಲಿಂದಲೇ ಅನಾಹುತ ಶುರು!

ಸೀರೆ ಉಟ್ಟ ಗುಂಡನೆಯ ಮೂರ್ತಿ, ಅದನ್ನು ತಬ್ಬಿ ಕೂತ ಮುದುಕಿ. ದಾರಿಯಲ್ಲಿ ಹೋಗೋರು ಚಪ್ಪಲಿ ಬಿಟ್ಟು ಕೈ ಮುಗಿದರು. ಹೂವಿನವಳು ಒಂದು ಮೊಳ ಸೇವಂತಿಗೆ ಎಸೆದಳು. ಟ್ರಾಫಿಕ್ ಪೊಲೀಸಿನವನು ಆಟೋ ತೆಗೆಸೋಕೆ ಅಂತ ಸಿಳ್ಳೆ ಬಾಯಿಗಿಟ್ಟುಕೊಂಡು ಬಂದವನು, ಸಿಳ್ಳೆ ತೆಗೆದು ಕೆನ್ನೆ ಕೆನ್ನೆ ಬಡಿದುಕೊಂಡ.

“ಯಾವ ದೇವ್ರು ತಾಯಿ? ಎಲ್ಲಿ ಪ್ರತಿಷ್ಠೆ?” ಅಂತ ಒಬ್ಬ ಹೆಂಗಸು ಕೇಳಿದಳು.

ಮರುಳಸಿದ್ದಮ್ಮ ಬಾಯಿ ತೆರೆಯೋ ಮುಂಚೆ ಮಸ್ತಾನಸಾಬ್ ಮಿರ್ಚಿ ಕಡಿಯುತ್ತಾ ಉತ್ತರ ಕೊಟ್ಟ. “ಆವರಗೆರೆಯಾಗೆ ರೀ. ಪಂಪ್‌ಸೆಟ್ ಬಸವಪ್ರಭು ಮನೆ ಮಹಡಿ ಮ್ಯಾಲೆ. ಸೋಮವಾರ ಊಟ ಐತೆ.”

“ಯಾಕ ಸಾಬ್ರೆ ಹಂಗಂದ್ರಿ?”

“ಸುಳ್ಳೇನೈತಿ ಅಕ್ಕಾರೆ? ಊಟ ಹಾಕೋದು ಒಲೆನೇ ಅಲ್ವಾ? ಅದಕ್ಕಿಂತ ದೊಡ್ಡ ದೇವ್ರು ನಾ ನೋಡಿಲ್ಲ.”

ಮರುಳಸಿದ್ದಮ್ಮ ಸೇವಂತಿಗೆಯನ್ನು ತೆಗೆಯಲಿಲ್ಲ. ಇರಲಿ ಬಿಡು ಅಂದುಕೊಂಡಳು. ಹಾಲೇಶಪ್ಪ ಕಟ್ಟಿದ್ದಕ್ಕೆ ಯಾರಾದರೂ ಒಬ್ಬರು ಒಂದು ಸಾರಿ ಹೂವು ಹಾಕಿದರಲ್ಲ.

ಆವರಗೆರೆಯಲ್ಲಿ ಮುಂದಿನ ಅಧ್ಯಾಯ. ವಾಣಿಯ ಟೈಲ್ಸ್ ಅಡುಗೆಮನೆಯಲ್ಲಿ ಹೊಗೆ ಆಗೋಲ್ಲ. ಹಂಗಾಗಿ ತಾರಸಿಗೆ. ತಾರಸಿಗೆ ಮೆಟ್ಟಿಲು. ಮೆಟ್ಟಿಲಿಗೆ ಒಂದು ತಿರುವು. ಆ ತಿರುವಿನಲ್ಲಿ ಒಲೆ ಸಿಕ್ಕಿಹಾಕಿಕೊಂಡಿತು! ಮೇಲೂ ಹೋಗದು, ಕೆಳಗೂ ಬಾರದು. ಒಲೆಯ ಆ ಕಡೆ ಬಸವಪ್ರಭು, ಈ ಕಡೆ ಮಸ್ತಾನಸಾಬ್. ಮೇಲೆ ತಾರಸಿಯಲ್ಲಿ ಸಂಡಿಗೆ ಒಣಹಾಕಲು ಹೋಗಿದ್ದ ಕೆಳಗಿನ ಮನೆಯ ಶಕುಂತಲಮ್ಮ.

“ಅಯ್ಯೋ, ದಾರಿ ಬಿಡ್ರಪ್ಪ! ಗ್ಯಾಸಿನ ಮ್ಯಾಲೆ ಹಾಲಿಟ್ಟು ಬಂದೀನಿ!”

“ಒಲೆ ಅಡ್ಡ ಐತ್ರಿ ಆಂಟಿ!”

“ಯಾವ ಒಲೆ? ನನ್ನ ಒಲೆ ಕೆಳಗೈತೆ, ಹಾಲು ಅದರ ಮ್ಯಾಲೈತೆ!”

“ಅವ್ವ, ಎಡಕ್ಕೆ ತಿರುಗಿಸ್ಲಾ?”

“ಎಡಕ್ಕೆ ಬ್ಯಾಡ, ಮೊದಲೇ ಎಡಕ್ಕೆ ಸೊಟ್ಟ ಐತೆ!”

ವಾಣಿ ಓಡಿಹೋಗಿ ಕೆಳಗಿನ ಗ್ಯಾಸ್ ಆರಿಸೋ ಹೊತ್ತಿಗೆ ಹಾಲು ಉಕ್ಕಿ, ಕಟ್ಟೆ ಇಳಿದು, ನೆಲಕ್ಕೆ ಬಂದಿತ್ತು. ಸೀದ ಹಾಲಿನ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬಂತು. ಶಕುಂತಲಮ್ಮನ ಕಣ್ಣು ಕೆಂಪಾಯಿತು. ಮರುಳಸಿದ್ದಮ್ಮನ ಮುಖ ಅರಳಿತು.

“ಒಳ್ಳೇದಾಯ್ತು ಬಿಡಮ್ಮ! ಮನೆಗೆ ಹೊಸ ಒಲೆ ಬಂದಾಗ ಹಾಲು ಉಕ್ಕಲೇಬೇಕು.”

“ಉಕ್ಕಿದ್ದು ನನ್ನ ಹಾಲು ಕಣ್ರಿ!”

“ಯಾರದಾದ್ರೇನು, ಉಕ್ಕಿತಲ್ಲ!”

ಆ ಮೇಲೆ ಎಲ್ಲರೂ ಸೇರಿ ‘ಐಸಾ’ ಅಂತ ಒಂದು ಸಲ ನೂಕಿದರು. ಗೋಡೆಯ ಸುಣ್ಣ ಕೆತ್ತಿಕೊಂಡು ಒಲೆ ತಾರಸಿಗೆ ಏರಿತು. ಹೊಸದಾಗಿ ಹಾಕಿಸಿದ ಸಿಮೆಂಟಿನ ನೆಲ. ಮೂಲೆಯಲ್ಲಿ ತಗಡಿನ ಚಪ್ಪರ. ಅದರ ಕೆಳಗೆ ಕೂರಿಸಿದರು. ಒಂದು ಬಿರುಕಿಲ್ಲ! ಮರುಳಸಿದ್ದಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಕೋಟೆ ಗೆದ್ದವರು ಹಂಗೆ ನಿಲ್ಲುತ್ತಾರೆ. ಭಾನುವಾರ ಇಡೀ ದಿನ ಅದಕ್ಕೆ ಕೆಮ್ಮಣ್ಣು ಸಾರಿಸಿ ಒಣಗಿಸಿದಳು. ಸಾರಿಸೋವಾಗ ಅವನ ಬೆರಳಿನ ಗುರುತು ಎಲ್ಲಿ ಎಲ್ಲಿ ಇತ್ತು ಅಂತ ಅವಳ ಕೈಗೆ ಗೊತ್ತಿತ್ತು.

ಸೋಮವಾರ ಬಂತು. ಮಸ್ತಾನಸಾಬ್ ಊಟಕ್ಕೆ ಅಂತ ಬೇಗನೇ ಬಂದು ಕೂತಿದ್ದ. ರೊಟ್ಟಿಗೆ ಕೂರೋ ಮುಂಚೆಯೇ ಬಾಗಿಲು ಬಡಿದರು. ಮಿರ್ಚಿ ಅಂಗಡಿ ಮುಂದಿನ ಹೆಂಗಸು! ಜೊತೆಗೆ ಅವಳ ಓಣಿಯವರು. ಕೈಯಲ್ಲಿ ಕಾಯಿ, ಊದಿನಕಡ್ಡಿ, ಅರಿಶಿನ ಕುಂಕುಮದ ಬಟ್ಟಲು.

“ದೇವ್ರು ಎಲ್ರಿ?”

ವಾಣಿ ಏನು ಹೇಳೋದು ತಿಳಿಯದೆ ತಾರಸಿ ತೋರಿಸಿದಳು. ಅವರು ಹತ್ತಿ ಬಂದು ನೋಡಿದರು. ಎರಡು ಬಾಯಿ ತೆರೆದುಕೊಂಡು ಒಲೆ ಕೂತಿತ್ತು.

“ಇದು ಒಲೆ ಅಲ್ವಾ?”

“ಒಲೆನೇ,” ಅಂದಳು ಮರುಳಸಿದ್ದಮ್ಮ. “ನನ್ನ ಗಂಡ ಕಟ್ಟಿದ್ದು.”

ಶಕುಂತಲಮ್ಮ ಸಂಡಿಗೆ ಮಗುಚುತ್ತಾ ಕಿಸಕ್ಕನೆ ನಕ್ಕಳು. ಆದರೆ ತಂದ ಕಾಯಿಯನ್ನು ವಾಪಸ್ ಒಯ್ಯೋಕಾಗ್ತದೆಯೇ? ಒಲೆಗೇ ಒಡೆದರು. ಒಲೆಗೇ ಕುಂಕುಮ ಇಟ್ಟರು. ಆಮೇಲೆ ಬಟ್ಟಲು ಎಲ್ಲರ ಮುಂದೆ ಬಂತು. ವಾಣಿಗೆ ಇಟ್ಟರು. ಶಕುಂತಲಮ್ಮಗೆ ಇಟ್ಟರು. ಮರುಳಸಿದ್ದಮ್ಮನ ಮುಂದೆ ಬಂದಾಗ ಆ ಹೆಂಗಸಿನ ಕೈ ನಿಂತಿತು.

“ನನ್ನ ಹಣೆ ತುಂಬ ಈಬತ್ತಿ ಐತಮ್ಮ, ಜಾಗ ಇಲ್ಲ. ಒಲೆಗೆ ಇಟ್ಟಿದ್ದೀಯಲ್ಲ, ನಂಗೂ ಬಂತು. ಕೂಡ್ರಿ ಎಲ್ಲಾರೂ. ರೊಟ್ಟಿ ತಿಂದು ಹೋಗ್ರಿ.”

ಕೂತರು. ಅಷ್ಟು ಜನರ ಮುಂದೆ ಮರುಳಸಿದ್ದಮ್ಮ ಸೆರಗು ಕಟ್ಟಿ, ದೊಡ್ಡ ಬಾಯಿಗೆ ಸೌದೆ ಇಟ್ಟು, ಬೆಂಕಿ ಹಾಕಿದಳು. ಒಲೆ ಮೊದಲು ಕೆಮ್ಮಿತು. ಆಮೇಲೆ ಹತ್ತಿಕೊಂಡಿತು. ಸಣ್ಣ ಬಾಯಿಗೂ ಕಾವು ಹೋಯಿತು. ಕಣ್ಣಲ್ಲಿ ನೀರು ಬಂತು. ಹೊಗೆ ಅಂದಳು.

“ನೋಡ್ರಿ ಈಗ. ಈ ಒಲೆ ಸೊಟ್ಟ. ರೊಟ್ಟಿ ಎಡಗಡೆ ಅಂಚು ಕರ್ರಗೆ ಸುಡ್ತೈತೆ. ಅದೇ ಬೇಕು ನಂಗೆ. ಇಡೀ ದಾವಣಗೆರೆಯಾಗೆ ಇಂಥ ಸೊಟ್ಟ ಒಲೆ ಇನ್ನೊಂದಿಲ್ಲ!”

ರೊಟ್ಟಿ ಹಾಕಿದಳು. ತಿರುವಿದಳು. ತೆಗೆದಳು.

ಹುಣ್ಣಿಮೆ ಚಂದ್ರ!

ಇನ್ನೊಂದು ಹಾಕಿದಳು. ಅದೂ ಹುಣ್ಣಿಮೆ. ಸೌದೆ ಎಡಕ್ಕೆ ತಳ್ಳಿದಳು, ಬಲಕ್ಕೆ ಎಳೆದಳು, ಊದುಕೊಳವೆಯಲ್ಲಿ ಊದಿದಳು, ಬೈದಳು. ಮೂರನೆಯದೂ ಅಚ್ಚುಕಟ್ಟಾಗಿ ಬೆಂದು ಉಬ್ಬಿ ಬಂತು.

“ಎಷ್ಟು ಚಂದ ಬರ್ತೈತೆ ರೊಟ್ಟಿ!” ಅಂದರು ಬಂದ ಹೆಂಗಸರು.

“ಚಂದ ಯಾರಿಗೆ ಬೇಕಾಗೈತೆ!” ಅಂತ ಮರುಳಸಿದ್ದಮ್ಮ ಕೂಗಿದಳು. ಅವಳ ದನಿ ಒಡೆದಿತ್ತು. “ಅವರು ಏನು ತಿನ್ಬೇಕು? ಎಡೆ ಮುಂದೆ ಬಂದು ತಿರುಗಿಸಿ ತಿರುಗಿಸಿ ನೋಡ್ತಾರೆ. ಅಂಚು ಇಲ್ಲ ಅಂತ ಎದ್ದು ಹೋಗ್ತಾರೆ.”

ಬಸವಪ್ರಭು ಏನೋ ನೆನಪಾದವನ ಹಂಗೆ ಕೆಳಗೆ ಹೋಗಿ ಅಪ್ಪನ ಮಟ್ಟದ ಕೋಲು ತಂದ. ಪಂಪ್ ಕೂರಿಸೋಕೆ ಅವನು ಅದನ್ನೇ ಬಳಸುತ್ತಿದ್ದ. ಒಲೆಯ ಚಪ್ಪಡಿ ಮೇಲೆ ಇಟ್ಟ. ಗುಳ್ಳೆ ಅತ್ತ ಹೋಯಿತು, ಇತ್ತ ಬಂತು, ಸರಿಯಾಗಿ ನಡುಮಧ್ಯೆ ನಿಂತಿತು. ಅಡ್ಡ ಇಟ್ಟ. ಮತ್ತೆ ನಡುಮಧ್ಯೆ.

“ಅವ್ವ, ಒಲೆ ನೆಟ್ಟಗೈತೆ.”

“ಕೋಲು ಕೆಟ್ಟೈತೆ.”

“ಕೋಲು ಅಪ್ಪಂದೇ.”

“ಹಂಗಾದ್ರೆ ಅವರ ಕಡೆನೇ ಹೇಳ್ತೈತೆ ಅದು!”

ಆಗ ಅವಳ ಫೋನು ಬಡಿದುಕೊಂಡಿತು. ಅಖ್ತರ್ ಬಾನು. ವಾಣಿ ಎಲ್ಲರಿಗೂ ಕೇಳೋ ಹಂಗೆ ಇಟ್ಟಳು.

“ಅಮ್ಮ, ಎಡೆ ಹೊತ್ತಿನಾಗೆ ತೊಂದರೆ ಕೊಟ್ಟೆ, ಮಾಫ್ ಮಾಡ್ರಿ. ಫ್ರಿಡ್ಜು ಇಟ್ವಿ. ಆದ್ರೆ ಬಾಗಿಲು ಮುಚ್ಚಿದಂಗೆಲ್ಲ ತಾನೇ ತೆರ್ಕೊಳ್ತೈತ್ರಿ. ಕಂಪನಿಯಿಂದ ಬಂದವ್ನು ನೋಡಿ ಹೇಳಿದ, ಫ್ರಿಡ್ಜು ಸರಿ ಐತಂತೆ, ನೆಲನೇ ಮೋರಿ ಕಡೆ ಇಳಿದೈತಂತೆ. ಆ ಮೂಲೆಯಾಗೆ ನಿಮ್ಮ ಒಲೆ ಇಷ್ಟು ವರ್ಷ ಹೆಂಗೆ ನಿಂತಿತ್ರಿ ಅಮ್ಮ?”

ಬಸವಪ್ರಭು ಕೋಲನ್ನು ಮೆಲ್ಲಗೆ ಚಪ್ಪಡಿಯಿಂದ ಎತ್ತಿಕೊಂಡ.

ಮಸ್ತಾನಸಾಬ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಕಾಶ ನೋಡಿದ. “ಹಾಲೇಶಣ್ಣ, ಕೇಳಿಸ್ತಾ?” ಅಂದ.

ಮರುಳಸಿದ್ದಮ್ಮ ಒಲೆ ಮುಂದೆ ಕೂತೇ ಇದ್ದಳು. ಇಷ್ಟು ವರ್ಷ. ನೀರಿಗೆ ಹೋದಲ್ಲಿ, ಸಂತೆಗೆ ಹೋದಲ್ಲಿ. ಕತ್ತು ಓರೆ ಮಾಡ್ಕೊಂಡು ಬರ್ರಿ ಅಂತ. ನಿಂಬೆಹಣ್ಣು ಕೂಡ ಮೋರಿ ಕಡೆ ಉರುಳಿ ಹೇಳಿತ್ತು. ಅವನಿಗೆ ಗೊತ್ತಿತ್ತು. ಒಲೆ ನೆಟ್ಟಗೈತೆ, ತಪ್ಪು ತನ್ನದಲ್ಲ ಅಂತ ಪೂರ್ತಿ ಗೊತ್ತಿತ್ತು. ಗೊತ್ತಿದ್ದೂ ಆ ಕರಿ ಅಂಚು ದಿನಾ ಅವನೇ ತಿಂದ. ಬೆಳ್ಳಗಿದ್ದದ್ದು ಅವಳ ತಟ್ಟೆಗೆ ಹಾಕಿದ.

“ಬಸು,” ಅಂದಳು ಕೊನೆಗೆ. “ಎರಡು ಹೆಂಚಿನ ಚೂರು ತಗೊಂಡು ಬಾ.”

“ಯಾಕವ್ವ?”

“ಒಲೆ ಬಲಗಡೆ ಎತ್ತಿ ಕೆಳಗೆ ಕೊಡು. ಸೊಟ್ಟ ಮಾಡು.”

ಅಷ್ಟು ಜನ ಸೇರಿ, ಉರಿಯೋ ಒಲೆಯನ್ನು ಹಾರೆ ಹಾಕಿ ಮೀಟಿ ಎತ್ತಿ, ಬಲಗಡೆಗೆ ಹೆಂಚಿನ ಚೂರು ಕೊಟ್ಟು, ಅಚ್ಚುಕಟ್ಟಾಗಿದ್ದ ಒಲೆಯನ್ನು ಕಷ್ಟಪಟ್ಟು ಕೆಡಿಸಿದರು! ಮಸ್ತಾನಸಾಬನ ಸೊಂಟ ಇನ್ನೊಂದು ಸಾರಿ ‘ಕಡಕ್’ ಅಂತು. ಬಸವಪ್ರಭು ಕೋಲಿಟ್ಟು ನೋಡಿದ. ಗುಳ್ಳೆ ಓಡಿಹೋಗಿ ಮೂಲೆ ಸೇರಿತು.

“ಈಗ ಸರಿಹೋಯ್ತು,” ಅಂದಳು ಮರುಳಸಿದ್ದಮ್ಮ.

ರೊಟ್ಟಿ ಹಾಕಿದಳು. ಎಡಗಡೆ ಅಂಚು ಮೊದಲು ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಕರ್ರಗಾಯಿತು. ಆ ವಾಸನೆ ಬಂತು. ಅದೇ ವಾಸನೆ. ಅವಳು ಕಣ್ಣು ಮುಚ್ಚಿದಳು. ಹಿಂದುಗಡೆ ಯಾರೋ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೂತು, “ಎಲ್ಲಿ ನನ್ನ ಪಾಲು?” ಅಂತ ಕೈ ಚಾಚಿದಂಗೆ ಆಯಿತು. ಕಣ್ಣು ಬಿಟ್ಟಾಗ ಕೈ ಚಾಚಿದ್ದು ವಾಣಿ. ತಟ್ಟೆ ಹಿಡಿದು ನಿಂತಿದ್ದಳು.

ಕೆಳಗೆ ನಡುಮನೆಯ ಗೋಡೆಗೆ ಹಾಲೇಶಪ್ಪನ ಫೋಟೋ ಹಾಕಿದ್ದರು. ಅದರ ಮುಂದೆ ಎಡೆ ಇಟ್ಟರು. ಕರಿ ಅಂಚಿನ ರೊಟ್ಟಿ, ಶೇಂಗಾ ಚಟ್ನಿ, ಒಂದು ಲೋಟ ನಿಂಬೆ ಶರಬತ್ತು. ಮರುಳಸಿದ್ದಮ್ಮ ರೊಟ್ಟಿ ಮುರಿದಳು. ಈ ಸಲ ಬೆಳ್ಳಗಿದ್ದ ಭಾಗ ಅವನ ಎಲೆಗೆ ಹಾಕಿದಳು. ಕರಿ ಅಂಚಿನಲ್ಲಿ ಒಂದು ಚೂರು ಮುರಿದು ತನ್ನ ಬಾಯಿಗೆ ಇಟ್ಟುಕೊಂಡಳು.

ಕಹಿ! ಶುದ್ಧ ಇದ್ದಿಲು! ನಾಲಿಗೆ ಮೇಲೆ ಇಡೋಕಾಗಲಿಲ್ಲ. ಇದನ್ನು ಆ ಮನುಷ್ಯ ದಿನಾ ಹೆಂಗೆ ತಿಂದ? ಅಷ್ಟು ರುಚಿ ಅನ್ನೋ ಹಂಗೆ ಕಟುಕಟು ಕಡಿದು ತಿಂದನಲ್ಲ! ಉಗಿಯಲಿಲ್ಲ. ಕಣ್ಣೀರು ಸುರಿಸುತ್ತಾ ಅಗಿದು ನುಂಗಿದಳು. ಕೈ ಮುಗಿದು, ಬದುಕಿದ್ದಾಗ ಒಂದು ದಿನವೂ ಆಡದ ಮಾತು ಆಡಿದಳು.

“ನೀವು ಹೇಳಿದ್ದೇ ಸರಿ ರೀ.”

ಹಿಂದೆ ನಿಂತಿದ್ದ ವಾಣಿ ಫೋಟೋ ಕಡೆ ನೋಡಿ ಮೆಲ್ಲಗೆ ಅಂದಳು, “ಅತ್ತೆ, ಮಾವನ ಫೋಟೋ ಒಂದು ಕಡೆ ಸೊಟ್ಟ ಐತೆ. ಸರಿ ಮಾಡ್ಲಾ?”

ಮರುಳಸಿದ್ದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಮುಟ್ಟಬ್ಯಾಡ! ಫೋಟೋ ನೆಟ್ಟಗೇ ಐತೆ. ನಿಮ್ಮ ಗೋಡೆ ಸೊಟ್ಟ.”